ತಂತ್ರಾಂಶ ತಯಾರಕರ ಮೇಜಿನ ಮೇಲಿನ ಲಿನಕ್ಸ್: ವರ್ತಕರು ಅರಿತಿರಬೇಕಾದ ಲೆಕ್ಕ

ಶಿರಾ, ಮಧುಗಿರಿ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ವರ್ತಕ ಬಾಂಧವರಿಗೆ ಗಣಕಯಂತ್ರ ಇಂದು ಹೊಸ ವಸ್ತುವಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಬಳಿಕ ಎಣ್ಣೆ ಗಿರಣಿಯಿಂದ ಹಿಡಿದು ಸಿಮೆಂಟು ಅಂಗಡಿಯವರೆಗೆ ಬಿಲ್ಲು, ದಾಸ್ತಾನು, ರಿಟರ್ನು ಎಲ್ಲವೂ ಅದರ ಮೂಲಕವೇ ಸಾಗುತ್ತಿವೆ. ಸಿದ್ಧ ತಂತ್ರಾಂಶಗಳು ಎಲ್ಲರಿಗೂ ಒಗ್ಗುವುದಿಲ್ಲ. ಕಡಲೆಕಾಯಿ ಮಂಡಿಯ ತೂಕದ ಚೀಟಿ, ಹುಣಸೆಹಣ್ಣಿನ ದರ್ಜೆ, ಹಮಾಲಿ ಲೆಕ್ಕ, ರೈತರಿಗೆ ಕೊಟ್ಟ ಮುಂಗಡ ಇವುಗಳಿಗೆ ಹೊಂದುವ ಸಣ್ಣ ತಂತ್ರಾಂಶವೊಂದನ್ನು ಬರೆಸಿಕೊಳ್ಳುವ ಅಗತ್ಯ ಹಲವರಿಗೆ ಬರುತ್ತದೆ. ಆ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕಾದ ಕಾಲ ಕಳೆದಿದೆ. ಒಂದು ಲ್ಯಾಪ್‌ಟಾಪ್ ಹಾಗೂ ಅಂತರಜಾಲ ಸಂಪರ್ಕ ಇದ್ದರೆ ಪಟ್ಟನಾಯಕನಹಳ್ಳಿಯಲ್ಲಿ ಕುಳಿತೂ ತಂತ್ರಾಂಶ ಬರೆಯಬಹುದು.

ಅಂತಹ ತಂತ್ರಾಂಶ ತಯಾರಕರಲ್ಲಿ ಅನೇಕರು ದಿನನಿತ್ಯದ ಕೆಲಸಕ್ಕೆ ವಿಂಡೋಸ್ ಬದಲು ಲಿನಕ್ಸ್ ಬಳಸುತ್ತಾರೆ. ಅವರ ಮೇಜಿನ ಮೇಲೆ ಏನಿದ್ದರೆ ವರ್ತಕನಿಗೇನು ಎಂಬ ಪ್ರಶ್ನೆ ಸಹಜ. ಬಡಗಿಯ ಉಳಿ ಯಾವ ಕಂಪನಿಯದೆಂದು ಮಂಚ ಮಾಡಿಸುವವನು ಕೇಳುವುದಿಲ್ಲ. ಆದರೆ ಬಡಗಿ ಮಂಚ ಒಪ್ಪಿಸಿ ಹೋದ ಮೇಲೆ ಅವನ ಉಳಿಗೂ ಆ ಮಂಚಕ್ಕೂ ಸಂಬಂಧವಿರುವುದಿಲ್ಲ. ತಂತ್ರಾಂಶದ ವಿಷಯ ಹಾಗಲ್ಲ. ಅದು ಯಾವ ವ್ಯವಸ್ಥೆಯ ಮೇಲೆ ಬರೆಯಲ್ಪಟ್ಟಿತೋ ಅದರ ಖರ್ಚು, ಅದರ ಕಾನೂನು, ಅದರ ಆಯುಷ್ಯ ಮೂರೂ ಬಳಸುವವರ ಅಂಗಡಿಯವರೆಗೆ ಹಿಂಬಾಲಿಸಿಕೊಂಡು ಬರುತ್ತವೆ. ಲಿನಕ್ಸ್‌ನಿಂದ ಲೈಸೆನ್ಸ್ ಹಣ ಉಳಿಯುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ಅದು ಸಣ್ಣ ಮಾತು. ತನ್ನ ಲೆಕ್ಕಪತ್ರ ಓಡುವ ಯಂತ್ರದ ಮೇಲೆ ಯಾರ ಹಿಡಿತವಿದೆ, ಆ ಹಿಡಿತಕ್ಕೆ ತಾನು ಏನು ಬೆಲೆ ಕೊಡಬೇಕು ಎಂಬುದೇ ದೊಡ್ಡ ಮಾತು.

ಲಿನಕ್ಸ್ ಎಂದರೇನು?

ಗಣಕಯಂತ್ರದ ಬಿಡಿಭಾಗಗಳನ್ನೂ ಅದರ ಮೇಲೆ ಓಡುವ ತಂತ್ರಾಂಶಗಳನ್ನೂ ಹೊಂದಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎಂದು ಹೆಸರು. ಮಂಡಿಯ ಗುಮಾಸ್ತನು ಹಮಾಲರು, ತೂಕದವರು, ಲಾರಿಯವರು ಎಲ್ಲರಿಗೂ ಸರದಿಯಂತೆ ಕೆಲಸ ಹಂಚುವ ಹಾಗೆ ಇದು ಯಂತ್ರದ ಕೆಲಸವನ್ನು ಹಂಚುತ್ತದೆ. ವಿಂಡೋಸ್ ಅಂತಹ ಒಂದು ವ್ಯವಸ್ಥೆ, ಲಿನಕ್ಸ್ ಇನ್ನೊಂದು.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ, ಯಾರು ಬೇಕಾದರೂ ಬಳಸಲು, ಪರಿಶೀಲಿಸಲು, ತಿದ್ದಲು ಹಾಗೂ ಹಂಚಲು ಸ್ವಾತಂತ್ರ್ಯವಿರುವ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಘೋಷಿಸಿ ಅದಕ್ಕೆ ಗ್ನೂ ಎಂದು ಹೆಸರಿಟ್ಟರು. 1991ರ ಆಗಸ್ಟ್‌ನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾವು ಬರೆಯುತ್ತಿದ್ದ ಕರ್ನೆಲ್, ಅಂದರೆ ಇಂತಹ ವ್ಯವಸ್ಥೆಯ ತಿರುಳಿನ ವಿಚಾರವನ್ನು ಪ್ರಕಟಿಸಿದರು. 1992ರಲ್ಲಿ ಅದನ್ನು ಗ್ನೂ ಸಾರ್ವಜನಿಕ ಪರವಾನಗಿಯ ಅಡಿ, ಅಂದರೆ ಜಿ.ಪಿ.ಎಲ್. ಅಡಿ ಬಿಡುಗಡೆ ಮಾಡಲಾಯಿತು. ಈ ತಿರುಳಿಗೆ ಉಳಿದ ಸಲಕರಣೆಗಳನ್ನು ಸೇರಿಸಿ ಬಳಕೆಗೆ ಸಿದ್ಧಗೊಳಿಸಿದ ಕಟ್ಟುಗಳೇ ಡೆಬಿಯನ್, ಫೆಡೋರಾ, ಉಬುಂಟು, ಲಿನಕ್ಸ್ ಮಿಂಟ್ ಮುಂತಾದವು. ಹಿಟ್ಟು ಒಂದೇ, ಗಿರಣಿ ಬೇರೆ ಬೇರೆ.

ಲಿನಕ್ಸ್ ಹೆಸರು ಕೇಳದವರೂ ಅದನ್ನು ದಿನವೂ ಬಳಸುತ್ತಿದ್ದಾರೆ. ಅಂಗಡಿಯಲ್ಲಿ ಕೈಯಿಂದ ಕೈಗೆ ಓಡಾಡುವ ಆಂಡ್ರಾಯ್ಡ್ ಮೊಬೈಲಿನ ತಿರುಳು ಲಿನಕ್ಸ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಐನೂರಕ್ಕೆ ಐನೂರೂ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ಅಂತರಜಾಲದ ಸರ್ವರುಗಳಲ್ಲಿಯೂ ಅದರದೇ ಮೇಲುಗೈ.

ಕೊಳ್ಳುವಾಗಲೂ ಮಾರುವಾಗಲೂ ಒಂದೇ ತಕ್ಕಡಿ

ತಂತ್ರಾಂಶ ತಯಾರಕರು ಲಿನಕ್ಸ್ ಆರಿಸುವುದಕ್ಕೆ ಮುಖ್ಯ ಕಾರಣ ಈ ಕೊನೆಯ ಸಂಗತಿಯೇ. ಅವರು ಬರೆದ ತಂತ್ರಾಂಶ ಕೊನೆಗೆ ಓಡುವುದು ಸಾಮಾನ್ಯವಾಗಿ ಲಿನಕ್ಸ್ ಸರ್ವರಿನ ಮೇಲೆ. ಬರೆಯುವ ಯಂತ್ರವೂ ಓಡಿಸುವ ಯಂತ್ರವೂ ಒಂದೇ ಬಗೆಯದಾಗಿದ್ದರೆ ತಕರಾರು ಕಡಿಮೆ. ಹಳ್ಳಿಯಲ್ಲಿ ಕೊಳ್ಳುವಾಗಲೂ ಮಂಡಿಯಲ್ಲಿ ಮಾರುವಾಗಲೂ ಸರ್ಕಾರದ ಮುದ್ರೆಯಿರುವ ಒಂದೇ ತಕ್ಕಡಿಯಲ್ಲಿ ತೂಗಿದರೆ ವ್ಯತ್ಯಾಸದ ಜಗಳ ಬಾರದಲ್ಲವೇ, ಹಾಗೆ.

ಒಂದು ಸಣ್ಣ ಉದಾಹರಣೆ ಸಾಕು. ರೋಮನ್ ಅಕ್ಷರಗಳಲ್ಲಿ ಹೆಸರಿಟ್ಟ ಕಡತಗಳಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತದೆ. ಲಿನಕ್ಸ್ ಬೇರೆ ಬೇರೆ ಎಂದು ಎಣಿಸುತ್ತದೆ. ತಯಾರಕರು ತಂತ್ರಾಂಶದೊಳಗೆ ಬಿಲ್ಲಿನ ನಮೂನೆಯ ಕಡತವನ್ನು ಒಂದು ಬಗೆಯಲ್ಲಿಯೂ ಕಡತಕ್ಕೆ ಇಟ್ಟ ಹೆಸರನ್ನು ಇನ್ನೊಂದು ಬಗೆಯಲ್ಲಿಯೂ ಬರೆದರೆ ಅವರ ವಿಂಡೋಸ್ ಯಂತ್ರದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸರ್ವರಿಗೆ ಏರಿಸಿದ ಕೂಡಲೇ ಬಿಲ್ಲು ಮುದ್ರಣವಾಗುವುದಿಲ್ಲ. ತಿಂಗಳ ಕೊನೆಯ ದಿನ ಲಾರಿ ಬಾಗಿಲಲ್ಲಿ ನಿಂತಿರುವಾಗ ಹೀಗಾದರೆ ನಷ್ಟ ವರ್ತಕನದು. ಲಿನಕ್ಸ್ ಮೇಲೆಯೇ ಬರೆಯುವವರಿಗೆ ಈ ತಪ್ಪು ತಮ್ಮ ಮೇಜಿನ ಮೇಲೆಯೇ ಅಂದೇ ಗೊತ್ತಾಗುತ್ತದೆ.

ಎರಡನೆಯದಾಗಿ, ಸಲಕರಣೆಗಳು. ಬರೆದುದರ ಹಳೆಯ ಹಾಗೂ ಹೊಸ ಪ್ರತಿಗಳನ್ನೆಲ್ಲ ಲೆಕ್ಕವಿಟ್ಟು ಕಾಯುವ ಗಿಟ್ ಎಂಬ ತಂತ್ರಾಂಶವನ್ನು 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರೇ ಲಿನಕ್ಸ್ ಕೆಲಸಕ್ಕಾಗಿ ರಚಿಸಿದರು. ಇಂದು ಅದು ತಂತ್ರಾಂಶ ಉದ್ಯಮದ ದಿನವಹಿ ಪುಸ್ತಕವೇ ಆಗಿದೆ. ಪೈಥಾನ್, ಪೋಸ್ಟ್‌ಗ್ರೆಸ್, ಮಾರಿಯಾಡಿಬಿ ಮುಂತಾದವನ್ನು ಲಿನಕ್ಸ್‌ನಲ್ಲಿ ಒಂದು ಸಾಲಿನ ಆಜ್ಞೆಯಿಂದ, ಒಂದೇ ನಂಬಲರ್ಹ ಉಗ್ರಾಣದಿಂದ ಪಡೆಯಬಹುದು. ಎಲ್ಲೆಲ್ಲಿಂದಲೋ ಇಳಿಸಿಕೊಂಡು ವೈರಸ್ ತಂದುಕೊಳ್ಳುವ ಭಯ ಅಷ್ಟರಮಟ್ಟಿಗೆ ತಪ್ಪುತ್ತದೆ. ತಂತ್ರಾಂಶವನ್ನು ಪೆಟ್ಟಿಗೆಯಂತೆ ಕಟ್ಟಿ ಸಾಗಿಸುವ ಕಂಟೇನರ್ ಪದ್ಧತಿಗೆ ಬೇಕಾದ ಏರ್ಪಾಡು ಲಿನಕ್ಸ್ ಕರ್ನೆಲಿನಲ್ಲಿಯೇ ಇದೆ. ಬೇರೆ ವ್ಯವಸ್ಥೆಗಳಲ್ಲಿ ಲಿನಕ್ಸ್ ಕಂಟೇನರ್ ಓಡಿಸಬೇಕಾದರೆ ಒಳಗೊಂದು ಲಿನಕ್ಸ್ ಅನ್ನು ಕೂರಿಸಿಯೇ ಓಡಿಸಬೇಕಾಗುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯೇ 2016ರಲ್ಲಿ ವಿಂಡೋಸ್‌ನೊಳಗೆ ಲಿನಕ್ಸ್ ಸಲಕರಣೆಗಳನ್ನು ಬಳಸುವ ಸೌಲಭ್ಯವನ್ನು ತಂದಿತು. ಎದುರಾಳಿಯ ಸರಕನ್ನು ತನ್ನ ಅಂಗಡಿಯಲ್ಲಿಯೇ ಇಟ್ಟು ಮಾರಬೇಕಾಯಿತೆಂದರೆ ಆ ಸರಕಿಗೆ ಗಿರಾಕಿ ಇದೆ ಎಂದೇ ಅರ್ಥ.

ಹಳ್ಳಿಯ ಕಚೇರಿಗೆ ಒಗ್ಗುವ ಗುಣಗಳು

ವಿದ್ಯುತ್ ಅಡಚಣೆ, ನಿಧಾನಗತಿಯ ಅಂತರಜಾಲ, ಹಳೆಯ ಯಂತ್ರ: ದೊಡ್ಡ ನಗರದಿಂದ ದೂರವಿರುವ ಕಚೇರಿಗೆ ಈ ಮೂರು ತೊಡಕುಗಳು ಸಾಮಾನ್ಯ.

ವಿದ್ಯುತ್ ಹಠಾತ್ತನೆ ಹೋದಾಗ ಕಡತಗಳು ಕೆಡದಂತೆ ಕಾಯಲು ಲಿನಕ್ಸ್‌ನ ಎಕ್ಸ್‌ಟಿ4 ಕಡತ ವ್ಯವಸ್ಥೆ ಜರ್ನಲ್ ಕ್ರಮವನ್ನು ಅನುಸರಿಸುತ್ತದೆ. ಲೆಕ್ಕ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಯಾವುದೇ ವ್ಯವಹಾರವನ್ನು ಮೊದಲು ಜರ್ನಲ್ ಪುಸ್ತಕದಲ್ಲಿ ಬರೆದು ಆಮೇಲೆ ಖಾತೆಗೆ ಏರಿಸಿದರೆ, ನಡುವೆ ಕೆಲಸ ನಿಂತರೂ ಎಲ್ಲಿಯವರೆಗೆ ಏರಿಸಿದೆ ಎಂದು ತಿಳಿಯುತ್ತದೆ. ಯಂತ್ರವೂ ಹಾಗೆಯೇ ಮೊದಲು ಜರ್ನಲಿನಲ್ಲಿ ಬರೆದುಕೊಂಡು ಆಮೇಲೆ ಡಿಸ್ಕಿಗೆ ಏರಿಸುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿಯೂ ಈ ಕ್ರಮ ಇದೆ. ಇದು ಲಿನಕ್ಸ್‌ಗೆ ಮಾತ್ರ ಸೇರಿದ ಹೆಚ್ಚುಗಾರಿಕೆಯಲ್ಲ. ಉಚಿತ ವ್ಯವಸ್ಥೆ ಎಂದರೆ ಅಗ್ಗದ, ಭದ್ರತೆಯಿಲ್ಲದ ವ್ಯವಸ್ಥೆ ಎಂಬ ಶಂಕೆಗೆ ಆಧಾರವಿಲ್ಲ ಎಂಬುದಷ್ಟೇ ಇಲ್ಲಿನ ತಾತ್ಪರ್ಯ. ಯು.ಪಿ.ಎಸ್. ಹಾಗೂ ದಿನವಹಿ ಬ್ಯಾಕಪ್ ಎರಡಕ್ಕೂ ಬೇಕೇ ಬೇಕು.

ಅಂತರಜಾಲದ ವಿಷಯದಲ್ಲಿ ಲಿನಕ್ಸ್‌ಗೆ ಒಂದು ಅನುಕೂಲವಿದೆ. ಬಹುಪಾಲು ಆಜ್ಞೆಗಳ ಕೈಪಿಡಿ ಯಂತ್ರದೊಳಗೇ ಇರುತ್ತದೆ. ಸಂಪರ್ಕ ಕಡಿದರೂ ಓದಿಕೊಳ್ಳಬಹುದು. ಪರಿಷ್ಕರಣೆಗಳನ್ನು ಯಾವಾಗ ಇಳಿಸಿಕೊಳ್ಳಬೇಕೆಂಬುದನ್ನು ಬಳಸುವವರೇ ನಿರ್ಧರಿಸಬಹುದು. ನಾಲ್ಕಾರು ಯಂತ್ರಗಳಿರುವ ಕಚೇರಿಯಲ್ಲಿ ಒಮ್ಮೆ ಇಳಿಸಿಕೊಂಡುದನ್ನು ಉಳಿದ ಯಂತ್ರಗಳಿಗೂ ಹಂಚುವ ಏರ್ಪಾಡು ಸಾಧ್ಯ.

ಹಳೆಯ ಯಂತ್ರಗಳ ಪ್ರಶ್ನೆ ಇತ್ತೀಚೆಗೆ ತುರ್ತಿನದಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ ತಕ್ಕಮಟ್ಟಿಗೆ ಹೊಸದಾದ ಪ್ರೊಸೆಸರೂ ಕಡ್ಡಾಯ. ಕೆಲಸಕ್ಕೆ ಬರುವಂತಿದ್ದ ಎಷ್ಟೋ ಯಂತ್ರಗಳು ಈ ಕಾರಣದಿಂದ ಒಂದೇ ದಿನದಲ್ಲಿ ಹಳೆಯವಾದವು. ಹಣ ಕೊಟ್ಟು ಸೀಮಿತ ಅವಧಿಗೆ ಭದ್ರತಾ ಪರಿಷ್ಕರಣೆ ಪಡೆಯುವ ಅವಕಾಶ ಸಂಸ್ಥೆಗಳಿಗೆ ಇದೆಯಾದರೂ ಅದರ ದರ ವರ್ಷದಿಂದ ವರ್ಷಕ್ಕೆ ಏರುತ್ತದೆ. ಲಿನಕ್ಸ್ ಮಿಂಟ್‌ನಂತಹ ಕಟ್ಟುಗಳು 4 ಜಿಬಿ ಮೆಮೊರಿ ಇರುವ ಹಳೆಯ ಯಂತ್ರದಲ್ಲಿಯೂ ಸಾಮಾನ್ಯ ಕೆಲಸಕ್ಕೆ ಸಾಕಷ್ಟು ಚುರುಕಾಗಿ ನಡೆಯುತ್ತವೆ. ತಂತ್ರಾಂಶ ಬರೆಯುವ ಕೆಲಸಕ್ಕಾದರೆ 8 ಅಥವಾ 16 ಜಿಬಿ ಇರುವುದು ಲೇಸು.

ಕರ್ನಾಟಕದ ಅನುಭವ

ಲಿನಕ್ಸ್ ಕರ್ನಾಟಕಕ್ಕೆ ಹೊಸದಲ್ಲ. ಪಿಸಿ ಕ್ವೆಸ್ಟ್ ಪತ್ರಿಕೆ 1996ರಲ್ಲಿ ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿ.ಡಿ. ಹಂಚಿತು. ಅಂತರಜಾಲ ದುಬಾರಿಯಾಗಿದ್ದ ಆ ದಿನಗಳಲ್ಲಿ ಭಾರತದ ಅನೇಕ ತರುಣರ ಕೈಗೆ ಲಿನಕ್ಸ್ ತಲುಪಿದುದು ಹೀಗೆಯೇ. ಆ ಪ್ರಯತ್ನದ ಹಿಂದಿದ್ದ ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಮುಂದಾಳತ್ವದಲ್ಲಿ 2001ರಿಂದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನಗಳು ನಡೆದವು. 2005ರಿಂದ ಅವು ಬೇರೆ ಹೆಸರಿನಲ್ಲಿ ಮುಂದುವರಿದು 2012ರವರೆಗೆ ನಡೆದವು. ಚಿಟ್ನಿಸ್ 2013ರಲ್ಲಿ ನಿಧನರಾದರು.

ಸೋಲಿನ ಪಾಠವೂ ಇಲ್ಲಿಯದೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯೊಡಗೂಡಿ ಲಿನಕ್ಸ್ ಆಧಾರಿತ, ಅಂಗೈಯಲ್ಲಿ ಹಿಡಿಯಬಹುದಾದ ಸಿಂಪ್ಯೂಟರ್ ಎಂಬ ಅಗ್ಗದ ಗಣಕವನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿ ಜಗತ್ತಿನ ಗಮನ ಸೆಳೆಯಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಯಂತ್ರ ಮಾರುಕಟ್ಟೆಗೆ ಬಂದಿತು. ಆದರೆ ನಿರೀಕ್ಷಿಸಿದ ಪ್ರಮಾಣದಲ್ಲಿ ಮಾರಾಟವಾಗಲಿಲ್ಲ. ಕಾರ್ಯಾಚರಣಾ ವ್ಯವಸ್ಥೆಗೆ ಬೆಲೆ ಇಲ್ಲವೆಂದ ಮಾತ್ರಕ್ಕೆ ಸರಕು ಮಾರಾಟವಾಗುವುದಿಲ್ಲ. ತಯಾರಿಕೆಯ ಪ್ರಮಾಣ, ಹಂಚಿಕೆ, ಸೇವೆ ಮೂರೂ ಕೂಡಿಬರಬೇಕು ಎಂಬುದು ಸಣ್ಣ ಕೈಗಾರಿಕೋದ್ಯಮಿಗಳು ಅದರಿಂದ ಕಲಿಯಬಹುದಾದ ಪಾಠ.

ಯಶಸ್ಸಿನ ಉದಾಹರಣೆ 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಷೇರು ದಲ್ಲಾಳಿ ಸಂಸ್ಥೆ ಝೆರೋಧ. ಮುಖ್ಯ ತಂತ್ರಜ್ಞರಾದ ಕೈಲಾಶ್ ನಾಧ್ ಅವರ ನೇತೃತ್ವದಲ್ಲಿ ತನ್ನ ತಂತ್ರಾಂಶಗಳನ್ನು ಮುಕ್ತ ತಂತ್ರಾಂಶಗಳ ಅಡಿಪಾಯದ ಮೇಲೆಯೇ ಕಟ್ಟಿದ ಈ ಸಂಸ್ಥೆ, ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೆರವು ನೀಡುವ ನಿಧಿಯನ್ನು 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಬಳಸಿ ಬೆಳೆದವರು ಹಿಂತಿರುಗಿ ಕೊಡುವುದು ಉತ್ತಮ ವ್ಯಾಪಾರ ಧರ್ಮವೂ ಹೌದು, ತಾವು ನಿಂತ ನೆಲವನ್ನು ಭದ್ರಪಡಿಸಿಕೊಳ್ಳುವ ಜಾಣತನವೂ ಹೌದು.

ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಅನುಭವವೂ ಉಲ್ಲೇಖಾರ್ಹ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಕ್ರಮೇಣ ಲಿನಕ್ಸ್‌ಗೆ ತಿರುಗಿತು; 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಅಲ್ಲಿನ ಶಾಲೆಗಳ ಗಣಕ ಪಾಠಪುಸ್ತಕಗಳು ಕನ್ನಡದಲ್ಲಿಯೂ ಇವೆ. ಹೀಗಾಗಿ ಕನ್ನಡದಲ್ಲಿ ಓದುವ ಹಳ್ಳಿಯ ಮಕ್ಕಳು ಶಾಲೆಯಲ್ಲಿಯೇ ಲಿನಕ್ಸ್ ಬಳಸಿ ಬೆಳೆಯುತ್ತಿದ್ದಾರೆ. ಲಿನಕ್ಸ್ ಕಷ್ಟ, ಅದು ಇಂಜಿನಿಯರುಗಳಿಗೆ ಮಾತ್ರ ಎಂಬ ಮಾತಿಗೆ ಇದಕ್ಕಿಂತ ಉತ್ತಮ ಉತ್ತರ ಬೇಕಿಲ್ಲ.

ಹಣದ ಲೆಕ್ಕ

ಇನ್ನು ಖರ್ಚಿನ ವಿಚಾರ. ಶಿರಾ ಸೀಮೆಯಲ್ಲಿ ಐದು ಯಂತ್ರಗಳಿರುವ ಒಂದು ಸಣ್ಣ ತಂತ್ರಾಂಶ ಘಟಕ ಇದೆ ಎಂದು ಭಾವಿಸಬಹುದು. ನಾಲ್ವರು ತಂತ್ರಾಂಶ ಬರೆಯುವವರು, ಒಬ್ಬರು ಲೆಕ್ಕಪತ್ರ ನೋಡುವವರು. ಐದೂ ಯಂತ್ರಗಳು ಹಳೆಯವು. ಕೆಳಗಿನ ಮೊತ್ತಗಳು ಲೆಕ್ಕದ ಸೌಲಭ್ಯಕ್ಕಾಗಿ ಊಹಿಸಿದವು. ಆಯಾ ದಿನದ ದರವನ್ನು ಹಾಕಿ ಯಾರಾದರೂ ಮತ್ತೆ ಲೆಕ್ಕ ಮಾಡಿಕೊಳ್ಳಬಹುದು.

ಮೊದಲನೆಯ ದಾರಿ: ವಿಂಡೋಸ್ ಸಹಿತವಾದ ಐದು ಹೊಸ ಯಂತ್ರಗಳನ್ನು ತಲಾ ರೂ. 45,000ದಂತೆ ಕೊಳ್ಳುವುದು. ಬಂಡವಾಳ ರೂ. 2,25,000. ನಿರ್ವಹಣೆ ವರ್ಷಕ್ಕೆ ರೂ. 18,000ದಂತೆ ಮೂರು ವರ್ಷಕ್ಕೆ ರೂ. 54,000. ಒಟ್ಟು ರೂ. 2,79,000.

ಎರಡನೆಯ ದಾರಿ: ಲೆಕ್ಕಪತ್ರಕ್ಕೆ ಒಂದು ಹೊಸ ವಿಂಡೋಸ್ ಯಂತ್ರ, ರೂ. 45,000. ಉಳಿದ ನಾಲ್ಕು ಹಳೆಯ ಯಂತ್ರಗಳಿಗೆ ಮೆಮೊರಿ ಹಾಗೂ ಎಸ್.ಎಸ್.ಡಿ. ಡಿಸ್ಕ್ ಹಾಕಿಸಲು ತಲಾ ರೂ. 6,000ದಂತೆ ರೂ. 24,000. ಹೊಸ ವ್ಯವಸ್ಥೆಗೆ ಕೈ ಕೂರುವವರೆಗೆ ಹತ್ತು ದಿನ ಕಾಲು ಭಾಗ ಕೆಲಸ ನಷ್ಟವೆಂದೂ ದಿನದ ಸಂಬಳ ರೂ. 1,000 ಎಂದೂ ಹಿಡಿದರೆ ನಾಲ್ವರಿಗೆ ರೂ. 10,000. ಲಿನಕ್ಸ್ ಬಲ್ಲ ಸ್ಥಳೀಯ ತಂತ್ರಜ್ಞರಿಗೆ ವರ್ಷಕ್ಕೆ ರೂ. 30,000ದಂತೆ ಮೂರು ವರ್ಷಕ್ಕೆ ರೂ. 90,000. ಒಟ್ಟು ರೂ. 1,69,000. ಉಳಿತಾಯ ರೂ. 1,10,000.

ಇಷ್ಟಕ್ಕೇ ನಿಂತರೆ ಲೆಕ್ಕ ಅಪೂರ್ಣ. ಆ ನಾಲ್ಕು ಹಳೆಯ ಯಂತ್ರಗಳು ಎರಡನೆಯ ವರ್ಷದಲ್ಲಿಯೇ ಕೈಕೊಟ್ಟು ತಲಾ ರೂ. 40,000ದಂತೆ ಹೊಸವನ್ನು ಕೊಳ್ಳಬೇಕಾಗಿ ಬಂದರೆ ಇನ್ನೂ ರೂ. 1,60,000 ಸೇರಿ ಮೊತ್ತ ರೂ. 3,29,000ಕ್ಕೆ ಏರುತ್ತದೆ. ಮೊದಲನೆಯ ದಾರಿಗಿಂತ ರೂ. 50,000 ಹೆಚ್ಚು! ಆದುದರಿಂದ ಲಾಭ ನಷ್ಟ ನಿರ್ಧಾರವಾಗುವುದು ಲಿನಕ್ಸ್ ಉಚಿತ ಎಂಬುದರಿಂದ ಅಲ್ಲ, ಕೈಯಲ್ಲಿರುವ ಯಂತ್ರದ ಉಳಿದ ಆಯುಷ್ಯದಿಂದ. ಯಂತ್ರದ ಸ್ಥಿತಿಯನ್ನು ಮೊದಲು ಪರೀಕ್ಷಿಸಿ ಆಮೇಲೆ ವ್ಯವಸ್ಥೆಯನ್ನು ನಿರ್ಧರಿಸುವುದು ವಿವೇಕ.

ಈ ಲೆಕ್ಕದಲ್ಲಿ ಇನ್ನೊಂದು ಅಂಶ ಅಡಗಿದೆ. ಮೊದಲನೆಯ ದಾರಿಯಲ್ಲಿ ಹಣದ ಬಹುಭಾಗ ಯಂತ್ರಕ್ಕೂ ಲೈಸೆನ್ಸಿಗೂ ಹೋಗಿ ತಾಲ್ಲೂಕಿನ ಹೊರಗೆ ಹರಿಯುತ್ತದೆ. ಎರಡನೆಯದರಲ್ಲಿ ರೂ. 90,000 ಸ್ಥಳೀಯ ತಂತ್ರಜ್ಞರ ಕೈಗೆ ಸಂದು ಊರಿನಲ್ಲಿಯೇ ಉಳಿಯುತ್ತದೆ. ಲಿನಕ್ಸ್ ಖರ್ಚನ್ನು ಇಲ್ಲವಾಗಿಸುವುದಿಲ್ಲ. ಲೈಸೆನ್ಸಿನ ಖರ್ಚನ್ನು ಕುಶಲತೆಯ ಖರ್ಚನ್ನಾಗಿ ಮಾರ್ಪಡಿಸುತ್ತದೆ. ಆ ಕುಶಲತೆ ಊರಿನಲ್ಲಿ ದೊರೆಯುವುದಾದರೆ ಅದು ಊರಿಗೂ ಸಂಪತ್ತು. ದೊರೆಯದಿದ್ದರೆ ಉಚಿತ ವ್ಯವಸ್ಥೆಯೇ ದುಬಾರಿಯಾದೀತು.

ಮುಚ್ಚಿಡಬಾರದ ತೊಡಕುಗಳು

ಮೇಲಿನ ಲೆಕ್ಕದಲ್ಲಿ ಒಂದು ವಿಂಡೋಸ್ ಯಂತ್ರವನ್ನು ಉಳಿಸಿಕೊಂಡುದಕ್ಕೆ ಕಾರಣವಿದೆ. ವರ್ತಕರಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ, ಬೆಂಗಳೂರಿನದೇ ಆದ ಟ್ಯಾಲಿ ತಂತ್ರಾಂಶ ವಿಂಡೋಸ್‌ಗಾಗಿ ರಚಿತವಾದುದು. ಡಿಜಿಟಲ್ ಸಹಿಯ ಟೋಕನ್‌ಗೆ ಲಿನಕ್ಸ್ ಡ್ರೈವರ್ ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಪ್ರಿಂಟರುಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಲ್ಲಿ ಅನೇಕವು ಲಿನಕ್ಸ್‌ನಲ್ಲಿ ನಡೆಯುತ್ತವೆ. ಹೊಸ ಮಾದರಿಗಳಲ್ಲಿ ಕೆಲವಕ್ಕೆ ತಯಾರಕರ ಬೆಂಬಲವಿಲ್ಲ.

ಕನ್ನಡದ ಬಳಕೆಗೆ ಲಿನಕ್ಸ್ ಅಡ್ಡಿಯಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕಗಪ ಕೀಲಿಮಣೆ ಲಿನಕ್ಸ್‌ನೊಡನೆಯೇ ಬರುತ್ತದೆ. ಯೂನಿಕೋಡ್ ಕನ್ನಡ ತೊಡಕಿಲ್ಲದೆ ಮೂಡುತ್ತದೆ. ಆದರೆ ಹಿಂದಿನ ವರ್ಷಗಳಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಾಗದಪತ್ರಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಪರಿವರ್ತಿಸಿದ ಮೇಲೆ ಹೆಸರು ಹಾಗೂ ಅಂಕಿಗಳನ್ನು ಒಮ್ಮೆ ಕಣ್ಣಾರೆ ಓದಿ ನೋಡುವುದು ಕ್ಷೇಮ.

ಮುಕ್ತ ತಂತ್ರಾಂಶವೆಂದರೆ ಶಾಶ್ವತ ಎಂದೂ ತಿಳಿಯಬಾರದು. ಸರ್ವರುಗಳಿಗೆ ಬಹಳ ಬಳಕೆಯಲ್ಲಿದ್ದ ಸೆಂಟ್ಒಎಸ್ 8ಕ್ಕೆ 2029ರವರೆಗೆ ಬೆಂಬಲ ಸಿಗುವುದೆಂದು ಜನ ನಂಬಿದ್ದರು. ಅದು 2021ರ ಕೊನೆಗೇ ಮುಗಿಯುವುದೆಂದು 2020ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಆದರೆ ಮೂಲಸಂಕೇತ, ಅಂದರೆ ಸೋರ್ಸ್ ಕೋಡ್, ಮುಕ್ತವಾಗಿದ್ದುದರಿಂದ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಬದಲಿ ಕಟ್ಟುಗಳು 2021ರಲ್ಲಿಯೇ ಬಂದವು. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಉದ್ದೇಶಪೂರ್ವಕವಾಗಿ ಕಳ್ಳಬಾಗಿಲು ಸೇರಿಸಿದ್ದು ಬೆಳಕಿಗೆ ಬಂದಿತು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದನ್ನು ಗಮನಿಸಿ ಅದನ್ನು ಪತ್ತೆ ಹಚ್ಚಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು. ಪುಸ್ತಕ ಎಲ್ಲರಿಗೂ ತೆರೆದಿದ್ದುದರಿಂದ ತಪ್ಪು ಸಿಕ್ಕಿತು ಎಂಬುದು ನಿಜ. ತೆರೆದ ಪುಸ್ತಕವನ್ನೂ ಯಾರಾದರೂ ಓದಬೇಕು ಎಂಬುದೂ ಅಷ್ಟೇ ನಿಜ.

ಕಾನೂನಿನ ಕಡೆಯಿಂದ

ವರ್ತಕರಿಗೆ ನೇರವಾಗಿ ತಟ್ಟುವ ವಿಷಯ ಇದು. ಲೈಸೆನ್ಸ್ ಇಲ್ಲದ ನಕಲು ತಂತ್ರಾಂಶವೆಂದು ತಿಳಿದೂ ಅದನ್ನು ಬಳಸುವುದು 1957ರ ಕೃತಿಸ್ವಾಮ್ಯ ಕಾಯಿದೆಯ 63-ಬಿ ಕಲಮಿನಂತೆ ಅಪರಾಧ. ಶಿಕ್ಷೆ ಏಳು ದಿನಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾಗೃಹ ಹಾಗೂ ರೂ. 50,000ಕ್ಕೆ ಕಡಿಮೆಯಿಲ್ಲದ, ರೂ. 2 ಲಕ್ಷದವರೆಗಿನ ದಂಡ. ವ್ಯಾಪಾರದ ಲಾಭಕ್ಕಾಗಿ ಬಳಸದಿದ್ದಲ್ಲಿ ಕಾರಾಗೃಹ ವಿಧಿಸದಿರಲು ನ್ಯಾಯಾಲಯಕ್ಕೆ ಅವಕಾಶವಿದೆ. ಆದರೆ ಅಂಗಡಿಯ ಗಣಕ ಇರುವುದೇ ವ್ಯಾಪಾರಕ್ಕೆ. “ಸಿ.ಡಿ. ಹಾಕಿಕೊಟ್ಟವರು ಬೇರೆ, ನಮಗೇನು?” ಎಂಬ ಧೋರಣೆ ಅಪಾಯಕಾರಿ. ದುಡ್ಡು ಕೊಟ್ಟು ಲೈಸೆನ್ಸ್ ಪಡೆಯುವುದು ಒಂದು ನೇರ ದಾರಿ, ಲಿನಕ್ಸ್ ಇನ್ನೊಂದು ನೇರ ದಾರಿ. ನಕಲು ಮಾತ್ರ ದಾರಿಯಲ್ಲ.

ಎರಡನೆಯದು, ಜಿ.ಪಿ.ಎಲ್. ಬಗ್ಗೆ ಇರುವ ಭಯ. ಲಿನಕ್ಸ್ ಮೇಲೆ ಬರೆದ ತಂತ್ರಾಂಶವನ್ನೆಲ್ಲ ಸಾರ್ವಜನಿಕರಿಗೆ ಬಿಟ್ಟುಕೊಡಬೇಕು ಎಂಬ ಅಭಿಪ್ರಾಯ ತಪ್ಪು. ಲಿನಕ್ಸ್ ಯಂತ್ರದಲ್ಲಿ ಕುಳಿತು ಬರೆದ ಸ್ವಂತ ತಂತ್ರಾಂಶ ಬರೆದವರದೇ. ಜಿ.ಪಿ.ಎಲ್. ಅಡಿಯ ತಂತ್ರಾಂಶವನ್ನೇ ತಿದ್ದಿ ಅಥವಾ ತನ್ನದರೊಳಗೆ ಸೇರಿಸಿ ಇತರರಿಗೆ ವಿತರಿಸಿದಾಗ ಮಾತ್ರ ಮೂಲಸಂಕೇತ ಕೊಡುವ ಬಾಧ್ಯತೆ ಬರುತ್ತದೆ. ಎ.ಜಿ.ಪಿ.ಎಲ್. ಎಂಬ ಇನ್ನೊಂದು ಪರವಾನಗಿಯಲ್ಲಿ ಹಾಗೆ ತಿದ್ದಿದುದನ್ನು ಅಂತರಜಾಲದ ಮೂಲಕ ಬಳಕೆಗೆ ಕೊಟ್ಟರೂ ಈ ಬಾಧ್ಯತೆ ಅನ್ವಯಿಸುತ್ತದೆ. ಯಾವ ಯಾವ ಮುಕ್ತ ತಂತ್ರಾಂಶಗಳನ್ನು ಸೇರಿಸಲಾಗಿದೆ ಎಂಬ ಪಟ್ಟಿಯನ್ನು ತಯಾರಕರಿಂದ ಬರಹದಲ್ಲಿ ಪಡೆಯುವುದು ಆದ್ದರಿಂದ ಒಳ್ಳೆಯದು.

ಮೂರನೆಯದು ಬಹುತೇಕರ ಗಮನಕ್ಕೆ ಬಾರದ್ದು. ಹಣ ಕೊಟ್ಟು ತಂತ್ರಾಂಶ ಬರೆಸಿದ ಮಾತ್ರಕ್ಕೆ ಅದು ಬರೆಸಿದವರದಾಗುವುದಿಲ್ಲ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದುದಾದರೆ ಸಾಮಾನ್ಯವಾಗಿ ಮಾಲೀಕರದು. ಹೊರಗಿನವರಿಗೆ ಗುತ್ತಿಗೆ ಕೊಟ್ಟು ಬರೆಸಿದುದಾದರೆ, ಬರವಣಿಗೆಯಲ್ಲಿ ಹಕ್ಕು ವರ್ಗಾವಣೆ ಆಗದಿದ್ದಲ್ಲಿ ಕೃತಿಸ್ವಾಮ್ಯ ಬರೆದವರಲ್ಲಿಯೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷಗಳಿಗೆ ಮಾತ್ರ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯಿದೆಯ 19ನೇ ಕಲಮು ಹೇಳುತ್ತದೆ.

ನಾಲ್ಕನೆಯದು, ಕಂಪನಿಗಳಿಗೆ ಸಂಬಂಧಿಸಿದ್ದು. ಲೆಕ್ಕಪುಸ್ತಕಗಳನ್ನು ತಂತ್ರಾಂಶದಲ್ಲಿ ಇಡುವ ಪ್ರತಿಯೊಂದು ಕಂಪನಿಯೂ 2023ರ ಏಪ್ರಿಲ್ 1ರಿಂದ, ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸುವ ಹಾಗೂ ನಿಲ್ಲಿಸಲಾಗದ ಆಡಿಟ್ ಟ್ರೇಲ್ ಇರುವ ತಂತ್ರಾಂಶವನ್ನೇ ಬಳಸಬೇಕು. ಲೆಕ್ಕ ಪರಿಶೋಧಕರು ಈ ಬಗ್ಗೆ ವರದಿ ಮಾಡಬೇಕು. ಕಂಪನಿ ಲಿನಕ್ಸ್ ಬಳಸಲಿ, ವಿಂಡೋಸ್ ಬಳಸಲಿ, ನಿಯಮ ಒಂದೇ. ಸ್ಥಳೀಯ ತಯಾರಕರಿಂದ ಲೆಕ್ಕದ ತಂತ್ರಾಂಶ ಬರೆಸುವ ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಇದನ್ನು ಮೊದಲೇ ಕರಾರಿನಲ್ಲಿ ಸೇರಿಸಬೇಕು.

ಕರಾರಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

ತಂತ್ರಾಂಶ ಬರೆಸುವ ವರ್ತಕರು ತಯಾರಕರೊಡನೆ ಕೂತು ಈ ಆರು ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಕಾಗದದ ಮೇಲೆ ಪಡೆಯುವುದು ಒಳಿತು.

1. ತಂತ್ರಾಂಶ ಬರೆಯುವ ಯಂತ್ರ ಹಾಗೂ ಅದು ಓಡುವ ಸರ್ವರ್ ಒಂದೇ ಬಗೆಯವೇ? ಅಲ್ಲವಾದರೆ ಪರೀಕ್ಷೆ ಎಲ್ಲಿ ನಡೆಯುತ್ತದೆ?

2. ಅಂಗಡಿಯ ಪ್ರಿಂಟರ್, ತೂಕದ ಯಂತ್ರ, ಡಿಜಿಟಲ್ ಸಹಿ ಇವು ಲಿನಕ್ಸ್‌ನೊಡನೆ ಹೊಂದುತ್ತವೆಯೇ? ತೋರಿಸಿ ಒಪ್ಪಿಸುವಿರಾ?

3. ಬಳಸಿರುವ ಲಿನಕ್ಸ್ ಕಟ್ಟು ಯಾವುದು, ಅದಕ್ಕೆ ಬೆಂಬಲ ಯಾವ ವರ್ಷದವರೆಗೆ? ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷಗಳ ಸಾಮಾನ್ಯ ಬೆಂಬಲವಿರುತ್ತದೆ. 2024ರ ಏಪ್ರಿಲ್‌ನ ಆವೃತ್ತಿಗೆ ಅದು 2029ರವರೆಗೆ.

4. ದತ್ತಾಂಶವನ್ನು ಬೇರೆ ತಂತ್ರಾಂಶ ಓದಬಲ್ಲ ಸಾಮಾನ್ಯ ರೂಪದಲ್ಲಿ ಯಾವಾಗ ಬೇಕಾದರೂ ಹೊರತೆಗೆಯಬಹುದೇ?

5. ಮೂಲಸಂಕೇತದ ಪ್ರತಿ ಯಾರ ಬಳಿ ಇರುತ್ತದೆ? ಹಕ್ಕಿನ ವರ್ಗಾವಣೆ ಎಷ್ಟು ಅವಧಿಗೆ?

6. ತಯಾರಕರು ಊರು ಬಿಟ್ಟರೆ ಅಥವಾ ಬೇರೆ ಉದ್ಯೋಗಕ್ಕೆ ಸೇರಿದರೆ ಅದೇ ಕೆಲಸವನ್ನು ಮುಂದುವರಿಸಬಲ್ಲ ಇನ್ನೊಬ್ಬರು ಯಾರು?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಲಿನಕ್ಸ್, ಗಿಟ್, ಪೋಸ್ಟ್‌ಗ್ರೆಸ್‌ಗಳಂತಹ ಎಲ್ಲರಿಗೂ ತೆರೆದ ಸಲಕರಣೆಗಳಿಂದ ಕಟ್ಟಿದ ತಂತ್ರಾಂಶವನ್ನು, ಮೂಲಸಂಕೇತ ಕೈಯಲ್ಲಿದ್ದರೆ, ಆ ಸಲಕರಣೆ ಬಲ್ಲ ಮತ್ತೊಬ್ಬರು ಕೈಗೆತ್ತಿಕೊಳ್ಳಬಹುದು. ಮೂಲಸಂಕೇತವನ್ನು ಕೈಗೆ ಕೊಡದ ತಂತ್ರಾಂಶಕ್ಕೆ ಅಂಟಿಕೊಂಡರೆ ಅದನ್ನು ಮಾಡಿದವರೇ ಬರುವವರೆಗೆ ಕಾಯಬೇಕು.

ಲಿನಕ್ಸ್ ಪ್ರತಿ ಅಂಗಡಿಗೂ ಒಗ್ಗುವ ಮದ್ದಲ್ಲ. ಟ್ಯಾಲಿಯಲ್ಲಿ ನೆಮ್ಮದಿಯಾಗಿ ಲೆಕ್ಕ ಬರೆಯುತ್ತಿರುವ ವರ್ತಕರು ನಾಳೆಯೇ ಅದನ್ನು ಬಿಡಬೇಕಾಗಿಲ್ಲ. ಆದರೆ ಮನೆಯಲ್ಲಿ ತಂತ್ರಾಂಶ ಕಲಿಯುತ್ತಿರುವ ಮಗ ಅಥವಾ ಮಗಳು ಇದ್ದರೆ, ಮೂಲೆಯಲ್ಲಿ ಧೂಳು ಹಿಡಿಯುತ್ತಿರುವ ಹಳೆಯ ಗಣಕಯಂತ್ರದಲ್ಲಿ ಒಂದು ಲಿನಕ್ಸ್ ಹಾಕಿಕೊಡಲು ಖರ್ಚು ಹೆಚ್ಚಿಲ್ಲ. ಆ ಯಂತ್ರದಲ್ಲಿ ಅವರು ಕಲಿಯುವ ವಿದ್ಯೆ ಬೆಂಗಳೂರಿನ ದೊಡ್ಡ ಸರ್ವರುಗಳಿಗೂ ಸಲ್ಲುತ್ತದೆ, ಪಟ್ಟನಾಯಕನಹಳ್ಳಿಯ ಕಡಲೆಕಾಯಿ ಚೀಟಿಗೂ ಸಲ್ಲುತ್ತದೆ. ಹೊಸ ತಂತ್ರಾಂಶ ಬರೆಸುವ ವರ್ತಕರು ದರ ಕೇಳುವುದಕ್ಕೆ ಮೊದಲು ಮೇಲಿನ ಆರು ಪ್ರಶ್ನೆಗಳನ್ನು ಕೇಳಲಿ. ದರದ ಚೌಕಾಸಿಗಿಂತ ಆ ಉತ್ತರಗಳಲ್ಲಿಯೇ ಹೆಚ್ಚಿನ ಉಳಿತಾಯ ಇದೆ.